ಟ್ಯಾಬ್ಲೆಟ್‌ನಲ್ಲಿ ಕನ್ನಡ ಪ್ರೂಫ್ ತಿದ್ದಲು ನಮ್ಮದೇ ಸ್ಟ್ಯಾಂಪ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಸ್ತಕ, ಪತ್ರಿಕೆ, ಸ್ಮರಣ ಸಂಚಿಕೆ ಯಾವುದೇ ಇರಲಿ, ಪ್ರೂಫ್ (ಅಚ್ಚಾಗುವ ಮುಂಚೆ ತಪ್ಪು ತಿದ್ದಲು ಕೊಡುವ ಪ್ರತಿ) ಈಗ ಹೆಚ್ಚಾಗಿ ಪಿಡಿಎಫ್ ಆಗಿಯೇ ಬರುತ್ತದೆ. ಟ್ಯಾಬ್ಲೆಟ್ ಮತ್ತು ಪೆನ್ನು ಇದ್ದರೆ ಪ್ರಿಂಟ್ ತೆಗೆಯದೆ ತಿದ್ದಬಹುದು. ಆದರೆ ಒಂದೇ ಗುರುತನ್ನು ನೂರಾರು ಸಲ ಬರೆಯುವುದು ಬೇಸರದ ಕೆಲಸ. ಸ್ಟ್ಯಾಂಪ್‌ಗಳು ಇರುವುದು ಇದಕ್ಕೇ. ಪ್ರೂಫ್ ನೋಡುವ ಗೆಳೆಯರು, ಸಣ್ಣ ಪ್ರಕಾಶಕರು, ಸ್ವಂತ ಪುಸ್ತಕ ಅಚ್ಚು ಹಾಕಿಸುವ ಲೇಖಕರು ಈ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಸ್ಟ್ಯಾಂಪ್ ಅಂದರೆ ಇಲ್ಲಿ ಏನು?

ಪಿಡಿಎಫ್ ಪುಟದ ಮೇಲೆ ಒತ್ತಿ ಕೂರಿಸುವ ಒಂದು ಪುಟ್ಟ ಚಿತ್ರ. ಒಮ್ಮೆ ಮಾಡಿಟ್ಟರೆ ಎಷ್ಟು ಸಲ ಬೇಕಾದರೂ ಹಾಕಬಹುದು. ಪಿಡಿಎಫ್ 1993ರಿಂದ ಇದೆ, 2008ರಲ್ಲಿ ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಟಿಪ್ಪಣಿ, ಹೈಲೈಟ್, ಅಡಿಗೆರೆ ಇದ್ದ ಹಾಗೆ ಸ್ಟ್ಯಾಂಪ್ ಕೂಡ ಆ ಮಾನದಂಡದಲ್ಲೇ ಇರುವ ಒಂದು ಗುರುತು. ಹಾಗಾಗಿ ಒಂದು ಆ್ಯಪ್‌ನಲ್ಲಿ ಹಾಕಿದ ಸ್ಟ್ಯಾಂಪನ್ನು ಇನ್ನೊಂದು ಆ್ಯಪ್‌ನಲ್ಲಿ ನೋಡಬಹುದು. ಕೆಳಗಿನ ಪುಟ ಇದ್ದ ಹಾಗೇ ಇರುತ್ತದೆ. ಸ್ಟ್ಯಾಂಪ್ ಅದರ ಮೇಲೊಂದು ಪದರದಲ್ಲಿ ಕೂತಿರುತ್ತದೆ, ಬೇಡ ಅನಿಸಿದರೆ ಅಳಿಸಬಹುದು.

ಪೆನ್ನಿನಲ್ಲೇ ಬರೆದರೆ ಆಗಲ್ವಾ?

ಆಗುತ್ತದೆ. ಹತ್ತು ಪುಟದ ಲೇಖನಕ್ಕೆ ಪೆನ್ನೇ ಸಾಕು. ಕಷ್ಟ ಬರುವುದು ಉದ್ದದ ಕೆಲಸದಲ್ಲಿ. ಗಾಜಿನ ಮೇಲೆ ಪೆನ್ನು ಜಾರುತ್ತದೆ, ಕನ್ನಡದ ಒತ್ತಕ್ಷರಗಳನ್ನು ಸಣ್ಣದಾಗಿ ಬರೆಯುವುದು ಕಷ್ಟ. ನೂರನೇ ಪುಟದ ಹೊತ್ತಿಗೆ ನಿಮ್ಮ ‘ಧ’ ಮತ್ತು ‘ದ’ ಒಂದೇ ಥರ ಕಾಣತೊಡಗುತ್ತವೆ. ತಿದ್ದಬೇಕಾದವರು ಆ ಅಕ್ಷರವನ್ನು ಊಹಿಸಿ ಓದಬೇಕಾಗುತ್ತದೆ. ಊಹಿಸಿ ತಿದ್ದಿದ ಪ್ರೂಫ್‌ನಲ್ಲಿ ಹೊಸ ತಪ್ಪು ಹುಟ್ಟುತ್ತದೆ.

ಪೆನ್ನನ್ನು ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಪದವನ್ನು ಸುತ್ತು ಹಾಕಲು, ಗೆರೆ ಎಳೆಯಲು, ಬಿಟ್ಟುಹೋದ ಪದ ಬರೆಯಲು ಪೆನ್ನು ಬೇಕೇ ಬೇಕು. ಮತ್ತೆ ಮತ್ತೆ ಬರುವ ಸೂಚನೆಗೆ ಸ್ಟ್ಯಾಂಪ್ ಬಳಸಿ.

ಆ್ಯಪ್‌ನಲ್ಲೇ ಸ್ಟ್ಯಾಂಪ್‌ಗಳು ಇವೆಯಲ್ಲ, ಅವು ಸಾಲವೇ?

ಅವು ಆಫೀಸಿನ ಕೆಲಸಕ್ಕೆ ಮಾಡಿದವು. ಅಪ್ರೂವ್ಡ್, ಡ್ರಾಫ್ಟ್, ಕಾನ್ಫಿಡೆನ್ಷಿಯಲ್ ಇಂಥವು. ಪ್ರೂಫ್‌ಗೆ ಅವುಗಳಿಂದ ಏನೂ ಉಪಯೋಗ ಇಲ್ಲ.

ಇಂಗ್ಲಿಷ್ ಪ್ರೂಫ್ ಗುರುತುಗಳ ಸೆಟ್ ಸಿಗುತ್ತದಂತೆ. ಅದನ್ನೇ ಹಾಕಿಕೊಳ್ಳಲೇ?

ಬ್ರಿಟನ್ನಿನ ಬಿಎಸ್ 5261 ಮಾನದಂಡದ ಗುರುತುಗಳು ಇವೆ, ಅಂತರರಾಷ್ಟ್ರೀಯವಾಗಿ ಐಎಸ್‌ಒ 5776 ಇದೆ. ಅವುಗಳಲ್ಲಿ ಕೆಲವು ನಮಗೂ ಹೊಂದುತ್ತವೆ: ತೆಗೆ, ಸೇರಿಸು, ಜಾಗ ಬಿಡು, ಅದಲು ಬದಲು, ಹೊಸ ಪ್ಯಾರಾ. ಕನ್ನಡದ ಪ್ರೂಫ್ ರೀಡರ್‌ಗಳು ಅಚ್ಚುಮೊಳೆಯ ಕಾಲದಿಂದಲೂ ಇವನ್ನೇ ಅಲ್ಪಸ್ವಲ್ಪ ಬದಲಾಯಿಸಿ ಬಳಸುತ್ತ ಬಂದಿದ್ದಾರೆ.

ಆದರೆ ಆ ಪಟ್ಟಿಯ ಒಂದು ಪಾಲು ಕ್ಯಾಪಿಟಲ್, ಸ್ಮಾಲ್, ಸ್ಮಾಲ್ ಕ್ಯಾಪ್ಸ್, ಇಟಾಲಿಕ್ ಇವುಗಳಿಗೆ ಮೀಸಲು. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅಂತ ಇಲ್ಲವೇ ಇಲ್ಲ. ನಮ್ಮ ತಪ್ಪುಗಳೇ ಬೇರೆ. ದೀರ್ಘ ಬಿಡುವುದು, ಒತ್ತು ತಪ್ಪುವುದು, ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲಾಗುವುದು, ಕೂಡಿರಬೇಕಾದ ಪದ ಒಡೆದು ನಿಲ್ಲುವುದು. ಇವುಗಳಲ್ಲಿ ಹೆಚ್ಚಿನವಕ್ಕೆ ಆ ಪಟ್ಟಿಯಲ್ಲಿ ಗುರುತೇ ಇಲ್ಲ. ಹಾಗಾಗಿ ಐದಾರು ಗುರುತು ಅಲ್ಲಿಂದ ತೆಗೆದುಕೊಳ್ಳಿ, ಉಳಿದವನ್ನು ನೀವೇ ಮಾಡಿಕೊಳ್ಳಿ.

ಹಾಗಾದರೆ ಕನ್ನಡಕ್ಕೆ ಯಾವ ಯಾವ ಸ್ಟ್ಯಾಂಪ್ ಬೇಕು?

ಸ್ಟ್ಯಾಂಪ್ ಮಾಡುವ ಮೊದಲು ನೀವು ಈಗಾಗಲೇ ಪೆನ್ನಿನಲ್ಲಿ ತಿದ್ದಿದ ಒಂದು ಪ್ರೂಫ್ ತೆಗೆದು ನೋಡಿ. ಯಾವ ತಪ್ಪು ಪದೇ ಪದೇ ಬಂದಿದೆಯೋ ಅದಕ್ಕೆ ಸ್ಟ್ಯಾಂಪ್ ಬೇಕು. ಅಪರೂಪಕ್ಕೆ ಬರುವುದನ್ನು ಕೈಯಲ್ಲಿ ಬರೆದರಾಯಿತು.

ನನ್ನ ಪ್ರಕಾರ ಮೊದಲ ಸ್ಥಾನ ‘ಸೇರಿಸು’ ಸ್ಟ್ಯಾಂಪಿಗೆ. ‘ಮಾಡ ಬೇಕು’, ‘ಹೇಳಿ ದ್ದಾರೆ’, ‘ಊರಿ ನಲ್ಲಿ’ ಇಂಥವು ಕನ್ನಡ ಪ್ರೂಫ್‌ನಲ್ಲಿ ಎಲ್ಲೆಲ್ಲೂ ಸಿಗುತ್ತವೆ. ಅದರ ಜೋಡಿ ‘ಬಿಡಿಸು’, ಅಂಟಿಕೊಂಡ ಎರಡು ಪದಗಳ ನಡುವೆ ಜಾಗ ಬಿಡಲು.

ಆಮೇಲೆ ‘ದೀರ್ಘ’ ಮತ್ತು ‘ಹ್ರಸ್ವ’. ‘ಬೇರೆ’ ಎನ್ನುವುದು ‘ಬೆರೆ’ ಆದರೆ ಅರ್ಥವೇ ಬದಲಾಗುತ್ತದೆ, ಅಲ್ವಾ? ನಂತರ ‘ಒತ್ತು ಬೇಕು’ ಮತ್ತು ‘ಒತ್ತು ಬೇಡ’. ಇವೆರಡೂ ಇರಲಿ. ‘ಒತ್ತು’ ಎಂದಷ್ಟೇ ಬರೆದರೆ ಹಾಕಬೇಕೋ ತೆಗೆಯಬೇಕೋ ಎಂದು ಡಿಟಿಪಿಯವರು (ಕಂಪ್ಯೂಟರಿನಲ್ಲಿ ಪುಟ ಕಟ್ಟುವವರು) ಫೋನ್ ಮಾಡಿ ಕೇಳಬೇಕಾಗುತ್ತದೆ.

‘ಮಹಾಪ್ರಾಣ’ಕ್ಕೆ ಒಂದು, ‘ಅಲ್ಪಪ್ರಾಣ’ಕ್ಕೆ ಒಂದು. ‘ನ’ ಮತ್ತು ‘ಣ’, ‘ಲ’ ಮತ್ತು ‘ಳ’, ‘ಶ’ ‘ಷ’ ‘ಸ’ ಇವು ಅದಲು ಬದಲಾಗುವುದು ಜಾಸ್ತಿ. ಇವಕ್ಕೆ ಬರಬೇಕಾದ ಅಕ್ಷರವನ್ನೇ ವೃತ್ತದೊಳಗೆ ಬರೆದ ಸ್ಟ್ಯಾಂಪ್ ಒಳ್ಳೆಯದು. ‘ಣ’ ಎಂಬ ಸ್ಟ್ಯಾಂಪ್ ಕಂಡರೆ ಅಲ್ಲಿ ‘ಣ’ ಹಾಕಬೇಕು, ಅಷ್ಟೇ. ವಿವರಣೆ ಬೇಡ.

ಇವುಗಳ ಜೊತೆಗೆ ‘ತೆಗೆ’, ‘ಅದಲು ಬದಲು’, ‘ಹೊಸ ಪ್ಯಾರಾ’, ‘ಪ್ಯಾರಾ ಸೇರಿಸು’, ‘ಫಾಂಟ್ ನೋಡಿ’, ‘ಲೇಖಕರನ್ನು ಕೇಳಿ’, ‘ಇದ್ದ ಹಾಗೇ ಇರಲಿ’. ಕೊನೆಯದನ್ನು ಮರೆಯಬೇಡಿ. ಹಳ್ಳಿ ಮಾತಿನ ಕಥೆಯಲ್ಲಿ ‘ಹೋಗ್ತೀನಿ’, ‘ಯಾಕ್ಲಾ’ ಎಂದು ಲೇಖಕರು ಬೇಕೆಂದೇ ಬರೆದಿರುತ್ತಾರೆ. ಡಿಟಿಪಿಯವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಗ್ರಂಥಭಾಷೆಗೆ ತಿದ್ದಿಬಿಡುವುದುಂಟು. ಅಂಥ ಕಡೆ ಮೊದಲೇ ಈ ಸ್ಟ್ಯಾಂಪ್ ಹಾಕಿಟ್ಟರೆ ಲೇಖಕರ ಮಾತು ಉಳಿಯುತ್ತದೆ.

ಶುರುವಿಗೆ ಹತ್ತು ಹನ್ನೆರಡು ಸಾಕು. ಜಾಸ್ತಿ ಆದರೆ ಹುಡುಕುವುದಕ್ಕೇ ಸಮಯ ಹೋಗುತ್ತದೆ.

ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಪುಸ್ತಕಕ್ಕೆ ಬೇರೆ ಸ್ಟ್ಯಾಂಪ್ ಬೇಕೇ?

ಬೇಕು. ಯುನಿಕೋಡ್ ಅಂದರೆ ಎಲ್ಲ ಸಾಧನಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ ಪದ್ಧತಿ. ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ, ಏಕೆಂದರೆ ಇಲ್ಲಿನ ತಪ್ಪುಗಳು ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ.

ಮೊದಲನೆಯದು ಸೊನ್ನೆ. ‘ಬೆಂಗಳೂರು’ ಎಂದು ಬರೆಯುವಾಗ ಬೇಕಾದದ್ದು ಅನುಸ್ವಾರ. ಕೆಲವರು ಅದರ ಬದಲು ಕನ್ನಡ ಅಂಕಿ ಸೊನ್ನೆಯನ್ನು ಒತ್ತಿರುತ್ತಾರೆ: ‘ಬೆ೦ಗಳೂರು’. ಎರಡೂ ನೋಡಲು ಬಹುತೇಕ ಒಂದೇ. ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ. ಅಚ್ಚಿನ ಪುಸ್ತಕದಲ್ಲಿ ಹೇಗೋ ನಡೆದುಹೋಗುತ್ತದೆ. ಅದೇ ಪುಸ್ತಕ ಇ-ಪುಸ್ತಕವಾದಾಗ ಹುಡುಕಿದರೆ ಪದ ಸಿಗುವುದಿಲ್ಲ, ಓದಿ ಹೇಳುವ ತಂತ್ರಾಂಶ ಅಲ್ಲಿ ತಡವರಿಸುತ್ತದೆ.

ಎರಡನೆಯದು ಅರ್ಕಾವೊತ್ತು. ‘ಕರ್ನಾಟಕ’ ಬರೆಯಲು ‘ರ’ ಮತ್ತು ಅರ್ಧಾಕ್ಷರದ ಗುರುತು ಒತ್ತುವ ಬದಲು, ‘ನಾ’ ಆದಮೇಲೆ ಅಂಕಿ ಒಂಬತ್ತನ್ನು ಒತ್ತುತ್ತಾರೆ: ‘ಕನಾ೯ಟಕ’. ಆಕಾರ ಹೋಲುತ್ತದೆ, ಹಾಗಾಗಿ ಟೈಪ್ ಮಾಡಿದವರಿಗೂ ಗೊತ್ತಾಗುವುದಿಲ್ಲ. ಸೂಕ್ಷ್ಮವಾಗಿ ನೋಡಿದರೆ ಒಂಬತ್ತು ಪೂರ್ತಿ ಒಂದು ಅಕ್ಷರದ ಜಾಗ ತಿಂದಿರುತ್ತದೆ, ಅಕ್ಕಪಕ್ಕದ ಅಕ್ಷರಗಳ ನಡುವೆ ಸ್ವಲ್ಪ ಜಾಸ್ತಿ ಅಂತರ ಕಾಣುತ್ತದೆ. ಈ ಎರಡಕ್ಕೂ ‘ಅಂಕಿ ಅಲ್ಲ’ ಎಂಬ ಒಂದೇ ಸ್ಟ್ಯಾಂಪ್ ಸಾಕು. ಒಂದು ಕಡೆ ಕಂಡರೆ ಇಡೀ ಫೈಲಿನಲ್ಲಿ ಹುಡುಕಿ ಬದಲಾಯಿಸಿ ಎಂದು ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ. ಇಡೀ ಪುಸ್ತಕದಲ್ಲಿ ಕೈಯಿಂದ ಗುರುತು ಹಾಕುತ್ತ ಕೂರಬೇಡಿ.

ಮೂರನೆಯದು ಕಣ್ಣಿಗೆ ಕಾಣದ ಜೋಡಿಕೆ ಗುರುತುಗಳು. ‘ಸಾಫ್ಟ್‌ವೇರ್’ ಎಂದು ಬರಬೇಕಾದದ್ದು ‘ಸಾಫ್ಟ್ವೇರ್’ ಆಗುತ್ತದೆ. ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಇಲ್ಲಿ ಅರ್ಧಾಕ್ಷರವನ್ನು ಮುಂದಿನ ಅಕ್ಷರಕ್ಕೆ ಸೇರದ ಹಾಗೆ ತಡೆಯುವ ಒಂದು ಗುರುತು ಬಿಟ್ಟುಹೋಗಿದೆ. ಇದಕ್ಕೆ ‘ಒತ್ತಾಗದಿರಲಿ’ ಎಂಬ ಸ್ಟ್ಯಾಂಪ್ ಮಾಡಿಕೊಳ್ಳಬಹುದು. ಇದಕ್ಕೆ ಹತ್ತಿರದ ಇನ್ನೊಂದು ತಪ್ಪು ‘ರ‍್ಯಾಂಕ್’ ಪದದ್ದು. ‘ರ’ ಕೆಳಗೆ ‘ಯ’ ಒತ್ತು ಬರಬೇಕು. ಅದು ‘ರ್ಯಾಂಕ್’ ಆದರೆ ‘ಯಾ’ ಮೇಲೆ ಅರ್ಕಾವೊತ್ತು ಬಂದುಬಿಡುತ್ತದೆ. ‘ರ‍್ಯಾಲಿ’ಗೂ ಇದೇ ಗತಿ. ಸುದ್ದಿ, ಶಿಕ್ಷಣ, ಕ್ರೀಡೆಯ ಬರಹ ತಿದ್ದುವವರು ‘ರ‍್ಯಾ’ ಎಂದೇ ಬರೆದ ಒಂದು ಸ್ಟ್ಯಾಂಪ್ ಇಟ್ಟುಕೊಳ್ಳುವುದು ವಾಸಿ.

ಸ್ಟ್ಯಾಂಪನ್ನು ಕಂಪ್ಯೂಟರಿನಲ್ಲಿ ಮಾಡುವುದು ಹೇಗೆ?

ಇಂಕ್‌ಸ್ಕೇಪ್ ಎಂಬ ತಂತ್ರಾಂಶ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ. ಅದರಲ್ಲಿ ಹೊಸ ಪುಟ ತೆರೆದು ‘ಸೇರಿಸು’ ಎಂದು ಟೈಪ್ ಮಾಡಿ. ಫಾಂಟ್ ದಪ್ಪವಾಗಿ, ಸರಳವಾಗಿ ಇರಲಿ. ನೋಟೋ ಸ್ಯಾನ್ಸ್ ಕನ್ನಡದ ಬೋಲ್ಡ್ ಚೆನ್ನಾಗಿ ಒಪ್ಪುತ್ತದೆ. ಸುತ್ತ ಒಂದು ಚೌಕ ಎಳೆಯಿರಿ. ಚೌಕದ ಕೆಳಭಾಗದಲ್ಲಿ ಜಾಗ ಜಾಸ್ತಿ ಬಿಡಿ. ಇಂಗ್ಲಿಷ್ ಪದಕ್ಕೆ ಅಳೆದು ಮಾಡಿದ ಚೌಕದಲ್ಲಿ ನಮ್ಮ ಒತ್ತಕ್ಷರ ಗೆರೆಯ ಮೇಲೆ ಕೂತು ಓದಲು ಆಗುವುದಿಲ್ಲ. ‘ಒತ್ತು’, ‘ಹ್ರಸ್ವ’ ಎರಡನ್ನೂ ಬರೆದು ನೋಡಿ, ತಿಳಿಯುತ್ತದೆ.

ಆಮೇಲೆ ಅಕ್ಷರಗಳನ್ನು ಆಕೃತಿಗೆ ಬದಲಾಯಿಸಿ. ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಎಂಬ ಆಯ್ಕೆ ಇದೆ. ಇದನ್ನು ಮಾಡಿದ ಮೇಲೆ ಅದು ಅಕ್ಷರವಲ್ಲ, ಬರೀ ಗೆರೆಗಳ ಚಿತ್ರ. ಯಾವ ಸಾಧನದಲ್ಲಿ ತೆರೆದರೂ ಹಾಗೇ ಕಾಣುತ್ತದೆ. ಕೊನೆಗೆ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. 10 ಮಿ.ಮೀ. ಅಗಲದ ಸ್ಟ್ಯಾಂಪಿಗೆ 600 ಡಿಪಿಐ ಇಟ್ಟರೆ ಸುಮಾರು 236 ಪಿಕ್ಸೆಲ್ ಬರುತ್ತದೆ. ಅಷ್ಟು ಸಾಕು. ಹಿನ್ನೆಲೆ ತಾನಾಗೇ ಪಾರದರ್ಶಕವಾಗಿರುತ್ತದೆ.

ನನ್ನ ಹತ್ತಿರ ಕಂಪ್ಯೂಟರ್ ಇಲ್ಲ, ಟ್ಯಾಬ್ಲೆಟ್ ಮಾತ್ರ ಇದೆ.

ತೊಂದರೆ ಇಲ್ಲ. ಐಬಿಸ್ ಪೇಂಟ್‌ನಂಥ ಚಿತ್ರ ಬರೆಯುವ ಆ್ಯಪ್‌ನಲ್ಲಿ ದೊಡ್ಡದಾಗಿ, ನಿಧಾನವಾಗಿ ಬರೆದು ಪಾರದರ್ಶಕ ಪಿಎನ್‌ಜಿಯಾಗಿ ಉಳಿಸಿ. ನಿಮ್ಮದೇ ಕೈಬರಹದ ಸ್ಟ್ಯಾಂಪ್ ಆಗುತ್ತದೆ. ಗುಡ್‌ನೋಟ್ಸ್ ಬಳಸುವವರಿಗೆ ಇನ್ನೂ ಸುಲಭ. ಬರೆದದ್ದನ್ನು ಲಾಸೋದಿಂದ ಆರಿಸಿ ಎಲಿಮೆಂಟ್ಸ್‌ಗೆ ಸೇರಿಸಿದರೆ ಮುಗಿಯಿತು, ಬೇಕಾದಾಗ ಎಳೆದು ಹಾಕಬಹುದು. ಬಿಳಿ ಹಾಳೆಯ ಮೇಲೆ ಬರೆದು ಫೋಟೊ ತೆಗೆದು ಹಿನ್ನೆಲೆ ಅಳಿಸುವುದೂ ಆಗುತ್ತದೆ, ಆದರೆ ಅಂಚು ಒರಟಾಗಿ ಬರುತ್ತದೆ.

ಆ್ಯಪ್‌ನಲ್ಲೇ ಟೈಪ್ ಮಾಡಿ ಸ್ಟ್ಯಾಂಪ್ ಮಾಡಲು ಹೋದೆ. ಒತ್ತಕ್ಷರ ಒಡೆದುಹೋಯಿತು, ಕೆಲವು ಕಡೆ ಬರೀ ಡಬ್ಬಿ ಬಂತು. ಯಾಕೆ?

ಆ ಆ್ಯಪ್ ಸ್ಟ್ಯಾಂಪಿಗೆ ಬಳಸುವ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಡಬ್ಬಿ ಬರುತ್ತದೆ. ಕನ್ನಡ ಇದ್ದೂ ಅಕ್ಷರಗಳನ್ನು ಜೋಡಿಸುವ ವ್ಯವಸ್ಥೆ ಇಲ್ಲದಿದ್ದರೆ ‘ಕ್ಷ’ ಹೋಗಿ ಅರ್ಧ ಕ, ಪಕ್ಕದಲ್ಲಿ ಷ ಎಂದು ಬಿಡಿ ಬಿಡಿಯಾಗಿ ಬರುತ್ತದೆ. ಟೈಪ್ ಮಾಡುವಾಗ ಸರಿ ಕಂಡು, ಪುಟದ ಮೇಲೆ ಹಾಕಿದಾಗ ಒಡೆಯುವುದೂ ಉಂಟು. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದು ಹುಡುಕುತ್ತ ಕೂರಬೇಡಿ. ಕನ್ನಡ ಸ್ಟ್ಯಾಂಪನ್ನು ಯಾವಾಗಲೂ ಚಿತ್ರವಾಗಿಯೇ ಮಾಡಿ.

ಸ್ಟ್ಯಾಂಪ್ ಹಾಕಿದರೆ ಬಿಳಿ ಚೌಕ ಬಂದು ಕೆಳಗಿನ ಸಾಲು ಮುಚ್ಚಿಹೋಗುತ್ತದೆ.

ಚಿತ್ರ ಜೆಪಿಜಿ ಆಗಿದೆ. ಜೆಪಿಜಿಯಲ್ಲಿ ಪಾರದರ್ಶಕ ಹಿನ್ನೆಲೆ ಇರುವುದಿಲ್ಲ, ಪಿಎನ್‌ಜಿ ಬೇಕು. ಕಂಪ್ಯೂಟರಿನಿಂದ ಟ್ಯಾಬ್ಲೆಟ್‌ಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಿದರೂ ಹೀಗಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಯಾವ ಆ್ಯಪ್ ಒಳ್ಳೆಯದು?

ಆಂಡ್ರಾಯ್ಡ್‌ನಲ್ಲಿ ಕ್ಸೋಡೊ, ಐಪ್ಯಾಡ್‌ನಲ್ಲಿ ಪಿಡಿಎಫ್ ಎಕ್ಸ್‌ಪರ್ಟ್ ಬಹಳ ಜನ ಬಳಸುತ್ತಾರೆ. ವಿಂಡೋಸ್ ಟ್ಯಾಬ್ಲೆಟ್‌ನಲ್ಲಿ ಅಕ್ರೊಬ್ಯಾಟ್ ಇದೆ. ಅದರಲ್ಲಿ ಸ್ಟ್ಯಾಂಪ್‌ಗಳನ್ನು ಗುಂಪು ಮಾಡಿ ಹೆಸರು ಕೊಟ್ಟು ಇಡಬಹುದು, ದಿನಾಂಕ ತಾನಾಗೇ ಬರುವ ಸ್ಟ್ಯಾಂಪ್ ಕೂಡ ಮಾಡಬಹುದು. ಆ್ಯಪ್‌ಗೆ ದುಡ್ಡು ಕೊಡುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ನಿಮ್ಮ ಚಿತ್ರವನ್ನು ಸ್ಟ್ಯಾಂಪ್ ಆಗಿ ಉಳಿಸಿಕೊಳ್ಳುತ್ತದೆಯೇ, ಮತ್ತು ಒಮ್ಮೆ ಆರಿಸಿದ ಸ್ಟ್ಯಾಂಪನ್ನು ಸಾಲಾಗಿ ಹಾಕುತ್ತ ಹೋಗಬಹುದೇ. ಪ್ರತಿ ಸಲ ಮೆನು ತೆರೆದು ಆರಿಸಬೇಕೆಂದರೆ ಪೆನ್ನಿನಲ್ಲಿ ಬರೆಯುವುದೇ ಬೇಗ.

ಸ್ಟ್ಯಾಂಪ್ ಎಲ್ಲಿ ಹಾಕಬೇಕು? ಅಂಚಿನಲ್ಲಿ ಜಾಗವೇ ಇರುವುದಿಲ್ಲವಲ್ಲ.

ಕಾಗದದ ಪ್ರೂಫ್‌ನ ಪದ್ಧತಿಯೇ ಇಲ್ಲೂ ಒಳ್ಳೆಯದು. ಸಾಲಿನೊಳಗೆ ಪೆನ್ನಿನಿಂದ ಸಣ್ಣ ಗುರುತು, ಅದೇ ಸಾಲಿನ ನೇರಕ್ಕೆ ಅಂಚಿನಲ್ಲಿ ಸ್ಟ್ಯಾಂಪ್. ಡಿಟಿಪಿಯವರು ಅಂಚನ್ನು ಮೇಲಿನಿಂದ ಕೆಳಗೆ ನೋಡುತ್ತ ಹೋದರೆ ಒಂದೂ ಬಿಟ್ಟುಹೋಗುವುದಿಲ್ಲ.

ಡೆಮಿ 1/8 ಪುಸ್ತಕದ ಪುಟ ಸುಮಾರು 14 ಸೆಂ.ಮೀ. ಅಗಲ. ಅದೇ ಅಳತೆಗೆ ಪಿಡಿಎಫ್ ಮಾಡಿ ಕಳಿಸಿದರೆ ಅಂಚು ಬೆರಳಗಲವೂ ಇರುವುದಿಲ್ಲ. ಹಾಗಾಗಿ ಪುಟವನ್ನು ಎ4 ಹಾಳೆಯ ಮಧ್ಯೆ ಕೂರಿಸಿ, ನಿಜ ಅಳತೆಯಲ್ಲೇ ಪಿಡಿಎಫ್ ಮಾಡಿಕೊಡಿ ಎಂದು ಕೇಳಿ. ಎ4 ಅಗಲ 21 ಸೆಂ.ಮೀ. ಎರಡೂ ಕಡೆ ಮೂರೂವರೆ ಸೆಂ.ಮೀ. ಹೆಚ್ಚುವರಿ ಜಾಗ ಸಿಗುತ್ತದೆ. ಸ್ಟ್ಯಾಂಪಿಗೂ ಕೈಬರಹಕ್ಕೂ ಧಾರಾಳ. ಅವರಿಗೂ ಇದು ದೊಡ್ಡ ಕೆಲಸವೇನಲ್ಲ. ಈ ಒಂದು ಮಾತು ಕೇಳಿಕೊಂಡರೆ ಅರ್ಧ ಕೆಲಸ ಹಗುರವಾಗುತ್ತದೆ.

ಟ್ಯಾಬ್ಲೆಟ್ 10ರಿಂದ 11 ಇಂಚಿನದಾದರೆ, ಅಂಚು ಬಿಟ್ಟು ಪುಟದ ಮೇಲಷ್ಟೇ ಝೂಮ್ ಮಾಡಿದಾಗ, ಡೆಮಿ ಪುಟ ಹತ್ತಿರಹತ್ತಿರ ನಿಜ ಗಾತ್ರದಲ್ಲೇ ಕಾಣುತ್ತದೆ. ಅಚ್ಚಾದ ಪುಸ್ತಕ ಹೇಗೆ ಕಾಣುತ್ತದೆ ಎನ್ನುವ ಅಂದಾಜೂ ಸಿಗುತ್ತದೆ.

ಬಣ್ಣ ಯಾವುದಿರಲಿ?

ಕಾಗದದ ಕಾಲದ ರೂಢಿಯಲ್ಲಿ ಕಂಪೋಸ್ ಮಾಡಿದವರ ತಪ್ಪಿಗೆ ಕೆಂಪು, ಲೇಖಕರು ಹೊಸದಾಗಿ ಮಾಡುವ ಬದಲಾವಣೆಗೆ ನೀಲಿ. ಇದನ್ನು ಈಗಲೂ ಪಾಲಿಸುವುದು ಒಳ್ಳೆಯದು. ತಮ್ಮ ತಪ್ಪು ತಿದ್ದಿಕೊಡುವುದು ಡಿಟಿಪಿಯವರ ಹೊಣೆ. ಲೇಖಕರು ಮೂರನೇ ಪ್ರೂಫ್‌ನಲ್ಲಿ ಪ್ಯಾರಾ ಬದಲಾಯಿಸಿದರೆ ಅದು ಹೊಸ ಕೆಲಸ, ಅದಕ್ಕೆ ಹಣ ಕೇಳುವುದು ನ್ಯಾಯ. ಬಣ್ಣ ಬೇರೆ ಇದ್ದರೆ ಈ ಲೆಕ್ಕದಲ್ಲಿ ಜಗಳ ಬರುವುದಿಲ್ಲ.

ಆದರೆ ಬಣ್ಣವನ್ನೇ ಪೂರ್ತಿ ನಂಬಬೇಡಿ. ಕಪ್ಪುಬಿಳುಪು ಲೇಸರ್ ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಂಡು ತಿದ್ದುವವರು ಬಹಳ ಜನ. ಅದರಲ್ಲಿ ಕೆಂಪು ನೀಲಿ ಎರಡೂ ಬೂದು ಬಣ್ಣವೇ, ಹಳದಿ ಮಾಯವೇ ಆಗುತ್ತದೆ. ಅದಕ್ಕೇ ತಪ್ಪಿನ ಸ್ಟ್ಯಾಂಪಿಗೆ ಚೌಕ, ಲೇಖಕರ ಬದಲಾವಣೆಗೆ ವೃತ್ತ ಎಂದು ಆಕಾರದಲ್ಲೂ ವ್ಯತ್ಯಾಸ ಇರಲಿ. ಹಾಗೆ ಮಾಡಿದರೆ ಅಕ್ಷರದ ಸ್ಟ್ಯಾಂಪ್‌ಗಳಿಗೂ ಚೌಕವನ್ನೇ ಬಳಸಿ.

ಒಂದು ಸಾಲನ್ನು ತಿದ್ದಿ ತೋರಿಸುತ್ತೀರಾ?

ಪ್ರೂಫ್‌ನಲ್ಲಿ ಹೀಗೆ ಬಂದಿದೆ ಅಂದುಕೊಳ್ಳಿ:

‘ರ್ಯಾಂಕ್ ಪಡೆದ ಹುಡುಗಿ ಮನೆಗೆ ಬ೦ದು ತಾಯಿಯ ಬಳಿ ಹೇಳಿ ದಳು, ನನ್ನ ವಿದ್ಯೆಗೆ ನಿನ್ನ ದುಡಿಮೆಯೆ ಆಧಾರ.’

ಎಡದಿಂದ ಬರೋಣ. ಮೊದಲ ಪದಕ್ಕೆ ಸುತ್ತು, ಅಂಚಿನಲ್ಲಿ ‘ರ‍್ಯಾ’. ‘ಬ೦ದು’ ಒಳಗಿರುವುದು ಅಂಕಿ ಸೊನ್ನೆ, ಹಾಗಾಗಿ ‘ಅಂಕಿ ಅಲ್ಲ’. ‘ಹೇಳಿ ದಳು’ ನಡುವೆ ಕಮಾನು ಎಳೆದು ‘ಸೇರಿಸು’. ‘ದುಡಿಮೆಯೆ’ ಕೊನೆಯ ಅಕ್ಷರಕ್ಕೆ ಅಡಿಗೆರೆ, ‘ದೀರ್ಘ’. ಮಾತಿನ ಸುತ್ತ ಉದ್ಧರಣ ಚಿಹ್ನೆ ಇಲ್ಲ, ಅದನ್ನು ಪೆನ್ನಿನಲ್ಲಿ ಬರೆಯಿರಿ. ಅಂಚಿನಲ್ಲಿ ಸ್ಟ್ಯಾಂಪ್‌ಗಳು ಸಾಲಿನಲ್ಲಿ ತಪ್ಪುಗಳು ಬಂದ ಕ್ರಮದಲ್ಲೇ, ಎಡದಿಂದ ಬಲಕ್ಕೆ ಇರಲಿ. ನಡುವೆ ಒಂದೊಂದು ಓರೆಗೆರೆ ಹಾಕಿದರೆ ಯಾವುದು ಯಾವ ಪದಕ್ಕೆ ಎಂದು ಗೊಂದಲವೇ ಆಗುವುದಿಲ್ಲ.

ಪಿಡಿಎಫ್‌ನಲ್ಲಿ ಪದ ಆರಿಸಿ ಕಾಪಿ ಮಾಡಿದರೆ ಏನೇನೋ ಬರುತ್ತದೆ. ಸ್ಟ್ಯಾಂಪಿಗೆ ತೊಂದರೆ ಆಗುತ್ತದೆಯೇ?

ಇಲ್ಲ. ಆ ಪುಟ ನುಡಿ, ಶ್ರೀಲಿಪಿಯಂಥ ಹಳೆಯ ಪದ್ಧತಿಯ ಫಾಂಟಿನಲ್ಲಿ ಆಗಿರುತ್ತದೆ. ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ನಮ್ಮ ಕಡೆ ಇವತ್ತಿಗೂ ಅದರಲ್ಲೇ ಪುಸ್ತಕ ಕಟ್ಟುವವರು ಇದ್ದಾರೆ. ಈ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತವೆ. ನುಡಿಯಲ್ಲಿರುವ ‘ಕನ್ನಡ’ ಪದವನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಇಂಗ್ಲಿಷಿನ ಪಿ, ಬ್ರಿಟಿಷ್ ಪೌಂಡ್ ಗುರುತು ಎಲ್ಲ ಬೆರೆತು ಬರುತ್ತದೆ. ಅಂಥ ಫೈಲಿನಲ್ಲಿ ಪದ ಹುಡುಕಲೂ ಆಗುವುದಿಲ್ಲ.

ಕನ್ನಡದ ಕೆಲಸಕ್ಕೆ ಸ್ಟ್ಯಾಂಪ್ ಚೆನ್ನಾಗಿ ಒಗ್ಗುವುದೇ ಈ ಕಾರಣಕ್ಕೆ. ಸ್ಟ್ಯಾಂಪ್ ಕೆಳಗಿರುವ ಅಕ್ಷರವನ್ನು ಓದುವುದಿಲ್ಲ, ಬರೀ ಜಾಗ ನೋಡಿ ಕೂರುತ್ತದೆ. ನುಡಿ ಇರಲಿ, ಯುನಿಕೋಡ್ ಇರಲಿ, ಹಳೆಯ ಪುಸ್ತಕದ ಸ್ಕ್ಯಾನ್ ಇರಲಿ, ಎಲ್ಲದಕ್ಕೂ ಒಂದೇ ಥರ ಕೆಲಸ ಮಾಡುತ್ತದೆ. ನುಡಿಯಿಂದ ಯುನಿಕೋಡಿಗೆ ಬದಲಾಯಿಸಿದ ಫೈಲ್ ಬಂದರೆ ಮಾತ್ರ ಜಾಸ್ತಿ ಎಚ್ಚರ ಬೇಕು. ಅರ್ಕಾವೊತ್ತು, ದೀರ್ಘ, ಎರಡೆರಡು ಒತ್ತು ಇರುವ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಮೇಲೆ ಕಣ್ಣಿಡಿ.

ಸ್ಟ್ಯಾಂಪ್ ಹಾಕಿ ಕಳಿಸಿದೆ. ಡಿಟಿಪಿಯವರು ‘ಏನೂ ಕಾಣ್ತಿಲ್ಲ ಸಾರ್’ ಅಂತಾರೆ.

ಅವರು ಫೋನಿನ ಪ್ರಿವ್ಯೂನಲ್ಲೋ, ಟಿಪ್ಪಣಿ ತೋರಿಸದ ಬೇರೆ ತಂತ್ರಾಂಶದಲ್ಲೋ ತೆರೆದಿರುತ್ತಾರೆ. ಇದಕ್ಕೆ ಫ್ಲ್ಯಾಟನ್ ಎಂಬ ಆಯ್ಕೆ ಇದೆ. ಅದು ಸ್ಟ್ಯಾಂಪನ್ನು ಪುಟದ ಜೊತೆ ಒಂದು ಮಾಡಿಬಿಡುತ್ತದೆ, ಆಮೇಲೆ ಎಲ್ಲಿ ತೆರೆದರೂ ಕಾಣುತ್ತದೆ. ಆದರೆ ಅಳಿಸಲು, ಸರಿಸಲು ಆಗುವುದಿಲ್ಲ. ಅದಕ್ಕೇ ಮೂಲ ಫೈಲನ್ನು ಹಾಗೇ ಇಟ್ಟುಕೊಂಡು, ಒಂದು ನಕಲನ್ನು ಫ್ಲ್ಯಾಟನ್ ಮಾಡಿ ಕಳಿಸಿ.

ಪ್ರಿಂಟ್‌ನಲ್ಲಿ ಸ್ಟ್ಯಾಂಪ್ ಬರುತ್ತಿಲ್ಲ.

ಅಕ್ರೊಬ್ಯಾಟ್‌ನ ಪ್ರಿಂಟ್ ಕಿಟಕಿಯಲ್ಲಿ ಡಾಕ್ಯುಮೆಂಟ್ ಅಂಡ್ ಮಾರ್ಕಪ್ಸ್ ಆರಿಸಬೇಕು. ಬರೀ ಡಾಕ್ಯುಮೆಂಟ್ ಎಂದಿದ್ದರೆ ಗುರುತುಗಳಿಲ್ಲದ ಪುಟ ಬರುತ್ತದೆ. ಡಾಕ್ಯುಮೆಂಟ್ ಅಂಡ್ ಸ್ಟ್ಯಾಂಪ್ಸ್ ಎಂದೂ ಒಂದಿದೆ, ಅದನ್ನು ಆರಿಸಿದರೆ ನಿಮ್ಮ ಪೆನ್ನಿನ ಗುರುತು ಬಿಟ್ಟುಹೋಗುತ್ತದೆ.

ಫೈಲ್ ತುಂಬಾ ದೊಡ್ಡದಾಯಿತು.

ಕೆಲವು ಆ್ಯಪ್‌ಗಳು ಸ್ಟ್ಯಾಂಪ್ ಹಾಕಿದಷ್ಟು ಸಲವೂ ಚಿತ್ರವನ್ನು ಹೊಸದಾಗಿ ಫೈಲಿಗೆ ಸೇರಿಸುತ್ತವೆ. 50 ಕೆಬಿ ಚಿತ್ರವನ್ನು 1000 ಸಲ ಹಾಕಿದರೆ ಸುಮಾರು 50 ಎಂಬಿ ಆಯಿತು. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡದನ್ನು ಲಗತ್ತಿಸಲು ಆಗುವುದಿಲ್ಲ. ಒಂದೇ ಬಣ್ಣದ, ನೆರಳು ಗಿರಳು ಇಲ್ಲದ ಸ್ಟ್ಯಾಂಪ್ ಮಾಡಿದರೆ ಕೆಲವೇ ಕೆಬಿಯಲ್ಲಿ ಮುಗಿಯುತ್ತದೆ.

ನಾನು ಹಾಕಿದ ಸ್ಟ್ಯಾಂಪ್ ಡಿಟಿಪಿಯವರಿಗೆ ಅರ್ಥ ಆಗುತ್ತದೆ ಎಂದು ಹೇಗೆ ಗೊತ್ತು?

ಬಹಳ ಜನ ಕೇಳದೇ ಬಿಡುವ ಪ್ರಶ್ನೆ ಇದು, ನನಗಂತೂ ಎಲ್ಲಕ್ಕಿಂತ ಮುಖ್ಯವಾದದ್ದು. ಪೇಜ್‌ಮೇಕರ್ ಪಿಡಿಎಫ್ ಟಿಪ್ಪಣಿಗಳನ್ನು ತಾನಾಗಿ ಎಳೆದುಕೊಳ್ಳುವುದಿಲ್ಲ. ಅಂಥದೇ ಇನ್ನೊಂದು ತಂತ್ರಾಂಶ ಇನ್‌ಡಿಸೈನ್‌ಗೂ ಆ ಅನುಕೂಲ ಬಂದದ್ದು ಸಿಸಿ 2019 ಆವೃತ್ತಿಯಲ್ಲಿ. ಹಾಗಾಗಿ ನಮ್ಮ ಪ್ರೆಸ್‌ಗಳಲ್ಲಿ ಒಬ್ಬರು ಕೂತು, ಕಣ್ಣಿಂದ ನೋಡಿ, ಒಂದೊಂದನ್ನೇ ಕೈಯಿಂದ ತಿದ್ದುತ್ತಾರೆ. ಅವರಿಗೆ ದಿನಕ್ಕೆ ನಾಲ್ಕು ಥರದ ಕೆಲಸ ಇರುತ್ತದೆ, ಮದುವೆ ಪತ್ರಿಕೆಯಿಂದ ಕರಪತ್ರದವರೆಗೆ. ನಿಮ್ಮ ಗುರುತನ್ನು ಬಿಡಿಸಿ ಓದುವಷ್ಟು ಪುರುಸೊತ್ತು ಇರುವುದಿಲ್ಲ.

ಅದಕ್ಕೇ ಸೆಟ್ ಮಾಡುವಾಗಲೇ ಅವರನ್ನು ಕೇಳಿ. ‘ಅದಲು ಬದಲು’ ಎಂದು ಬರೆದರೆ ಅನುಕೂಲವೋ, ಹಳೆಯ ಅಲೆಯಂಥ ಗೆರೆ ಅನುಕೂಲವೋ? ‘ತೆಗೆ’ ಬೇಕೋ, ಸುರುಳಿ ಗುರುತು ಬೇಕೋ? ಹಳಬರಿಗೆ ಗುರುತು ಇಷ್ಟ, ಹೊಸದಾಗಿ ಬಂದ ಹುಡುಗರಿಗೆ ಕನ್ನಡ ಪದ ಇಷ್ಟ. ಒಪ್ಪಿದ ಮೇಲೆ ಎಲ್ಲ ಸ್ಟ್ಯಾಂಪ್‌ಗಳನ್ನೂ ಒಂದು ಪುಟದಲ್ಲಿ ಹಾಕಿ, ಪಕ್ಕದಲ್ಲಿ ಒಂದೊಂದು ಉದಾಹರಣೆ ಬರೆದು, ಆ ಪುಟವನ್ನು ಪ್ರತಿ ಪ್ರೂಫ್‌ನ ಮೊದಲಿಗೆ ಸೇರಿಸಿ ಕಳಿಸಿ. ಅವರು ಅದನ್ನು ಪ್ರಿಂಟ್ ತೆಗೆದು ಮಾನಿಟರ್ ಪಕ್ಕ ಅಂಟಿಸಿಕೊಂಡರಂತೂ ಫೋನ್ ಕರೆಗಳೇ ನಿಂತುಹೋಗುತ್ತವೆ.

ಎರಡನೇ ಪ್ರೂಫ್ ಬಂದಾಗ ಏನು ಮಾಡಬೇಕು?

ಟ್ಯಾಬ್ಲೆಟ್ ಪರದೆಯನ್ನು ಎರಡು ಭಾಗ ಮಾಡಿ. ಒಂದು ಕಡೆ ಸ್ಟ್ಯಾಂಪ್ ಹಾಕಿದ ಮೊದಲ ಪ್ರೂಫ್, ಇನ್ನೊಂದು ಕಡೆ ಹೊಸದು. ತಿದ್ದಿದ್ದಾರೆ ಎಂದು ಕಂಡಲ್ಲೆಲ್ಲ ಹಳೆಯದರ ಮೇಲೆ ಹಸಿರು ಟಿಕ್ ಸ್ಟ್ಯಾಂಪ್ ಹಾಕುತ್ತ ಹೋಗಿ. ಟಿಕ್ ಬೀಳದೆ ಉಳಿದದ್ದು ಮತ್ತೆ ಹೊಸ ಪ್ರೂಫ್‌ಗೆ ಬರುತ್ತದೆ. ತಿದ್ದಿದ ಸಾಲಿನ ಹಿಂದಿನ ಮುಂದಿನ ಎರಡು ಸಾಲನ್ನೂ ಓದಿ, ಒಂದು ಪದ ಸೇರಿದರೆ ಇಡೀ ಪ್ಯಾರಾ ಹರಿದು ಬೇರೆ ಕಡೆ ಒಡೆದಿರುತ್ತದೆ.

ಆ್ಯಪ್ ಅಳಿಸಿ ಮತ್ತೆ ಹಾಕಿದರೆ ಸ್ಟ್ಯಾಂಪ್ ಉಳಿಯುತ್ತದೆಯೇ?

ಹೋಗುವ ಸಾಧ್ಯತೆಯೇ ಜಾಸ್ತಿ. ಪಿಎನ್‌ಜಿ ಫೈಲ್‌ಗಳನ್ನು ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇಡಿ. ಜೊತೆಗೆ ಪ್ರೂಫ್ ನೋಡುವ ಗೆಳೆಯರಿದ್ದರೆ ಅದೇ ಫೋಲ್ಡರ್ ಹಂಚಿಕೊಳ್ಳಿ. ಒಂದೇ ಪುಸ್ತಕಕ್ಕೆ ಇಬ್ಬರು ಎರಡು ಥರದ ಗುರುತು ಹಾಕುವುದು ತಪ್ಪುತ್ತದೆ.

ಲೇಖಕರು ವರ್ಡ್ ಫೈಲ್ ಕಳಿಸಿದ್ದಾರೆ. ಪಿಡಿಎಫ್ ಮಾಡಿ ಸ್ಟ್ಯಾಂಪ್ ಹಾಕಲೇ?

ಬೇಡ. ವರ್ಡ್‌ನಲ್ಲೇ ಟ್ರ್ಯಾಕ್ ಚೇಂಜಸ್ ಹಾಕಿಕೊಂಡು ನೇರ ತಿದ್ದಿ. ಪುಟ ಕಟ್ಟಿದ ಮೇಲಿನ ಕೆಲಸಕ್ಕಷ್ಟೇ ಸ್ಟ್ಯಾಂಪ್.

ಒಂದು ಪುಟದಲ್ಲಿ ತಪ್ಪುಗಳು ಲೆಕ್ಕ ಇಲ್ಲದಷ್ಟು ಇದ್ದರೆ?

ಅಂಚೆಲ್ಲ ಸ್ಟ್ಯಾಂಪ್‌ಗಳಿಂದ ತುಂಬಿದರೆ ಯಾರೂ ಓದುವುದಿಲ್ಲ. ಇಡೀ ಪುಟಕ್ಕೆ ‘ಮತ್ತೆ ಕಂಪೋಸ್ ಮಾಡಿ’ ಎಂಬ ದೊಡ್ಡ ಸ್ಟ್ಯಾಂಪ್ ಒಂದನ್ನು ಹಾಕಿ. ಆ ಪುಟದ ಮೂಲ ಹಸ್ತಪ್ರತಿಯನ್ನು ಜೊತೆಗಿಟ್ಟು, ಫೋನ್ ಮಾಡಿ ವಿಷಯ ಹೇಳಿ. ಹಲವು ಸಲ ಅಲ್ಲಿ ತಪ್ಪಿರುವುದು ಟೈಪಿಂಗ್ ಅಲ್ಲ, ಹಳೆಯ ಫೈಲಿನ ಪುಟ ಸೇರಿಕೊಂಡಿರುತ್ತದೆ.